ಆರು ತಂತಿಗಳ ಪಾಠ

ಕಲಿಸುವುದರ ಕಷ್ಟವನ್ನು ಕುರಿತು ಉಪಾಧ್ಯಾಯರು ಮಾತನಾಡಿರುವಷ್ಟು, ಕಲಿಯುವುದರ ಕಷ್ಟವನ್ನು ಕುರಿತು ವಿದ್ಯಾರ್ಥಿಗಳು ಮಾತನಾಡಿದಂತೆ ಕಾಣುವುದಿಲ್ಲ. ಅವರಿಗೆ ಮಾತನಾಡುವ ಅವಕಾಶವನ್ನು ನಾವು ಕೊಡದಿರುವುದೇ ಇದಕ್ಕೆ ಕಾರಣವಿರಬಹುದು. ನಾನು 1978ರಿಂದ 2013ರವರೆಗೆ, ಒಟ್ಟು 35 ವರ್ಷ, ಮೈಸೂರಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತವನ್ನು ಹೇಳಿಕೊಟ್ಟವನು. ಅದರಲ್ಲಿ ಮೊದಲಿನ 18 ವರ್ಷಗಳನ್ನು, ಕಲಿಯುವುದೆಂದರೆ ಏನೆಂಬುದನ್ನು ಸಂಪೂರ್ಣವಾಗಿ ಮರೆತೇ ಕಳೆದೆನು. ಮರೆತುದನ್ನು ನನಗೆ ಮತ್ತೆ ನೆನಪಿಗೆ ತಂದುಕೊಟ್ಟದ್ದು ಗಿಟಾರೆಂಬ ವಾದ್ಯ. ಅದನ್ನು ನನ್ನ ತೊಡೆಯ ಮೇಲಿಟ್ಟ ಒಬ್ಬ ವೃದ್ಧರು.

ನನಗೂ ಗಿಟಾರಿಗೂ ಸಂಬಂಧ ಬೆಳೆದದ್ದು ಕಲಾಪ್ರೇಮದಿಂದಲ್ಲ, ಜಿಪುಣತನದಿಂದ. ಸತ್ಯವನ್ನು ಹೇಳಿಬಿಡುವುದು ಮೇಲು. 1995ರ ಬೇಸಗೆಯಲ್ಲಿ ನನ್ನ ಮಗನು, ಆಗ ಅವನಿಗೆ 13 ವರ್ಷ, ಗಿಟಾರು ಕಲಿಯಬೇಕೆಂದು ಹಟ ಹಿಡಿದನು. ಒಂದು ಅಗ್ಗದ ವಾದ್ಯವನ್ನು ಕೊಂಡುಕೊಟ್ಟು, ಸಂತ ಫಿಲೋಮಿನಾ ಚರ್ಚಿನ ಹಿಂದಣ ಬೀದಿಯೊಂದರಲ್ಲಿ ಪಾಠ ಹೇಳುತ್ತಿದ್ದ ಒಬ್ಬರ ಬಳಿ ಸೇರಿಸಿ, ಮೂರು ತಿಂಗಳ ಸಂಬಳವನ್ನು ಮುಂಗಡವಾಗಿ ಕೊಟ್ಟೆನು. ಎರಡನೆಯ ತಿಂಗಳು ತುಂಬುವುದರೊಳಗೆ ಮಗನ ಮನಸ್ಸು ಕ್ರಿಕೆಟ್ಟಿನ ಕಡೆಗೆ ತಿರುಗಿತು. ಮಿಕ್ಕ ಒಂದು ತಿಂಗಳ ನೂರು ರೂಪಾಯಿಯನ್ನು ವಾಪಸು ಕೇಳಿ ತರುವುದಕ್ಕಾಗಿ ನಾನು ಒಂದು ಶುಕ್ರವಾರ ಸಂಜೆ ಅವರ ಮನೆಗೆ ಹೋದೆನು.

ಹಳೆಯ ಕಾಲದ ಹೆಂಚಿನ ಮನೆ. ಜಗಲಿಯ ಮೇಲೆ ತುಳಸಿಯ ಬದಲು ಒಂದು ಗುಲಾಬಿಯ ಗಿಡ. ಒಳಗೆ ಎರಡು ಕುರ್ಚಿ, ಒಂದು ಮೇಜು, ಗೋಡೆಗೆ ಒರಗಿಸಿದ ಒಂದು ಗಿಟಾರು. ಆತನಿಗೆ ಆಗ 70 ವರ್ಷ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ನಾನು ಸುತ್ತಿ ಬಳಸಿ ಬಂದ ಕಾರಣವನ್ನು ತಿಳಿಸಿದೆನು. ಅವರು ಸ್ವಲ್ಪವೂ ಬೇಸರಪಡದೆ ಮೇಜಿನ ಸೆಳೆಖಾನೆಯಿಂದ ನೂರು ರೂಪಾಯಿಯ ನೋಟನ್ನು ತೆಗೆದು ನನ್ನ ಮುಂದಿಟ್ಟರು.

"ದುಡ್ಡು ನಿಮ್ಮದೇ ಮೇಷ್ಟ್ರೇ, ತೆಗೆದುಕೊಳ್ಳಿ. ಆದರೆ ನಾಲ್ಕು ಶುಕ್ರವಾರ ಖಾಲಿ ಉಳಿದುಬಿಡುತ್ತೆ. ನೀವೇ ಯಾಕೆ ಬರಬಾರದು?"

ನಾನು ನಕ್ಕೆನು. ನನಗೆ 42 ವರ್ಷವೆಂದೆನು. "ಇನ್ನು ಐದು ವರ್ಷಕ್ಕೆ 47 ಆಗುತ್ತೆ, ಕಲಿತರೂ ಅಷ್ಟೆ, ಕಲಿಯದಿದ್ದರೂ ಅಷ್ಟೆ" ಎಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಗಣಿತದ ಉಪಾಧ್ಯಾಯನಾದ ನಾನು ಉತ್ತರವಿಲ್ಲದೆ ಕುಳಿತೆನು. ನೋಟು ಮೇಜಿನ ಮೇಲೆಯೇ ಉಳಿಯಿತು.

ಗಿಟಾರಿನ ವಿಷಯವಾಗಿ ವಾಚಕರಲ್ಲಿ ಕೆಲವರಿಗಾದರೂ ನನಗಿದ್ದ ತಪ್ಪು ಭಾವನೆಯೇ ಇರಬಹುದು. ಸಿನಿಮಾದಲ್ಲಿ ನಾಯಕನು ಹೆಗಲಿಗೆ ತಗುಲಿಸಿಕೊಂಡು ಕುಣಿಯುವ ವಸ್ತುವೆಂದೇ ನಾನು ಅದನ್ನು ತಿಳಿದಿದ್ದೆನು. ಅದಕ್ಕೆ ನಮ್ಮ ವೀಣೆಯಂತೆಯೇ ಗಂಭೀರವಾದ ಒಂದು ಪರಂಪರೆ ಉಂಟೆಂದು ನನಗೆ ತಿಳಿದದ್ದು ಆ ಮನೆಯಲ್ಲಿ. ಸ್ಪೇನ್ ದೇಶದ ಆಲ್ಮೇರಿಯದ ಆಂಟೋನಿಯೋ ಡಿ ಟಾರೆಸ್ ಎಂಬ ಬಡಗಿಯು (1817–1892) ಆ ವಾದ್ಯಕ್ಕೆ ಇಂದಿನ ಆಕಾರವನ್ನೂ ಅಳತೆಯನ್ನೂ ಕೊಟ್ಟನು. ಟಾರೆಸನ ವಾದ್ಯವನ್ನು ನುಡಿಸಿ, ಇಂದಿನ ವಾದನಕ್ರಮಕ್ಕೆ ಅಡಿಪಾಯ ಹಾಕಿದವನು ಫ್ರಾನ್ಸಿಸ್ಕೋ ಟಾರ್ರೆಗಾ. ಈತನು ಹುಟ್ಟಿದ್ದು 1852ರಲ್ಲಿ. ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ್ದೂ 1852ರಲ್ಲಿಯೇ. ಭೂಮಿಯ ಎರಡು ಕಡೆಗಳಲ್ಲಿ, ಒಬ್ಬರ ಹೆಸರನ್ನು ಮತ್ತೊಬ್ಬರು ಕೇಳದೆ, ಒಂದೇ ವರ್ಷ ಹುಟ್ಟಿದ ಇಬ್ಬರು ಮಹನೀಯರು ಮರದ ಮೇಲೆ ಬಿಗಿದ ತಂತಿಗಳಿಂದ ಮನುಷ್ಯನ ಹೃದಯವನ್ನು ಹುಡುಕುತ್ತಿದ್ದರು. ಈ ಮಾತನ್ನು ನಾನು ಹೇಳಿದಾಗ ಗುರುಗಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರಿಗೆ ನಾನು ಕೊಟ್ಟ ದಕ್ಷಿಣೆಯೆಂದರೆ ಅದೊಂದೇ ಎಂದು ತೋರುತ್ತದೆ.

ಮೊದಲ ದಿನವೇ ನಾನು ನನ್ನ ಪಾಂಡಿತ್ಯವನ್ನು ಮೆರೆಯಿಸಲು ಹೊರಟೆನು. ವೀಣೆಯ ದಂಡಿಯ ಮೇಲೆ ಮೇಣದಲ್ಲಿ 24 ಮೆಟ್ಟುಗಳನ್ನು ನಿಲ್ಲಿಸಿರುವಂತೆ, ಗಿಟಾರಿನ ಕತ್ತಿನ ಮೇಲೆ ಲೋಹದ ಮೆಟ್ಟುಗಳನ್ನು ಸೀಳಿನಲ್ಲಿ ಕೂರಿಸಿರುತ್ತಾರೆ. ಅವುಗಳ ಅಂತರವು ವಾದ್ಯದ ತಲೆಯಿಂದ ಹೊಟ್ಟೆಯ ಕಡೆಗೆ ಬರಬರುತ್ತ ಕಿರಿದಾಗುತ್ತದೆ. ಇದರ ನಿಯಮವು ಗಣಿತದ್ದು. ಒಂದು ಸ್ಥಾಯಿಯನ್ನು 12 ಸಮಪಾಲು ಮಾಡಬೇಕಾದ್ದರಿಂದ, ಯಾವ ಸಂಖ್ಯೆಯನ್ನು ಅದರಿಂದಲೇ 12 ಸಲ ಗುಣಿಸಿದರೆ ಎರಡು ಬರುವುದೋ ಆ ಸಂಖ್ಯೆಯಿಂದ, ಎಂದರೆ ಸುಮಾರು 1.0595ರಿಂದ, ತಂತಿಯ ಉದ್ದವನ್ನು ಭಾಗಿಸುತ್ತ ಹೋಗಬೇಕು. ತಂತಿಯ ಉದ್ದ 650 ಮಿಲಿಮೀಟರಾದರೆ ಮೊದಲನೆಯ ಮೆಟ್ಟು ತುದಿಯಿಂದ ಸುಮಾರು 36.5 ಮಿಲಿಮೀಟರಿಗೆ ಬರುತ್ತದೆ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 325ಕ್ಕೆ. ಹಿಂದಿನ ಬಡಗಿಗಳು ಈ ಭಾಗಾಕಾರದ ಗೋಜಿಗೆ ಹೋಗದೆ, ಉಳಿದ ತಂತಿಯ ಹದಿನೆಂಟನೆಯ ಒಂದು ಪಾಲನ್ನು ಪ್ರತಿಸಲವೂ ಬಿಟ್ಟು ಗುರುತು ಮಾಡುತ್ತಿದ್ದರು. ಖಗೋಳವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆನ್ಜೋ ಗೆಲಿಲಿಯು 1581ರಲ್ಲಿ ಅಚ್ಚುಮಾಡಿಸಿದ ಸಂಗೀತಗ್ರಂಥದಲ್ಲಿ ಈ ಹದಿನೆಂಟರ ಲೆಕ್ಕವನ್ನು ಕೊಟ್ಟಿದ್ದಾನೆ. ಈ ಕ್ರಮದಲ್ಲಿ ಹನ್ನೆರಡನೆಯ ಮೆಟ್ಟಿಗೆ ಅರ್ಧ ತಂತಿಗಿಂತ ಎರಡೂವರೆ ಮಿಲಿಮೀಟರಿನಷ್ಟು ಹೆಚ್ಚು ಉಳಿದುಕೊಳ್ಳುತ್ತದೆ. ಕಿವಿ ಅಷ್ಟನ್ನು ಮನ್ನಿಸುತ್ತಿತ್ತು.

ಇದೆಲ್ಲವನ್ನೂ ನಾನು ಒಂದು ಹಾಳೆಯ ಮೇಲೆ ಬರೆದು ಗುರುಗಳಿಗೆ ವಿವರಿಸಿದೆನು. ಅವರು ಆದರದಿಂದ ಕೊನೆಯವರೆಗೆ ಕೇಳಿ, "ಬಹಳ ಚೆನ್ನಾಗಿದೆ ಮೇಷ್ಟ್ರೇ. ಈಗ ಮೂರನೆಯ ಮೆಟ್ಟಿನ ಹಿಂದೆ ಬೆರಳಿಡಿ" ಎಂದರು. ಇಟ್ಟೆನು. ಮೀಟಿದೆನು. ಡಬ್ಬದೊಳಗೆ ಜೀರುಂಡೆಯನ್ನು ಹಾಕಿದಂತಹ ಸದ್ದು ಬಂದಿತು. ಮತ್ತೆ ಮೀಟಿದೆನು. ಜೀರುಂಡೆ ಸತ್ತಿತು, ಸದ್ದೇ ಇಲ್ಲ. ಮೂರನೆಯ ಮೆಟ್ಟು ಎಲ್ಲಿರಬೇಕೆಂಬುದನ್ನು ಮಿಲಿಮೀಟರಿನ ಭಾಗದವರೆಗೆ ಹೇಳಬಲ್ಲ ನನಗೆ, ಅಲ್ಲಿ ಒಂದು ಬೆರಳನ್ನು ಇಡುವುದು ತಿಳಿಯಲಿಲ್ಲ.

ಆಮೇಲಿನ ತಿಂಗಳುಗಳ ಕಥೆಯನ್ನು ವಿಸ್ತರಿಸುವುದಿಲ್ಲ. ಎಡಗಾಲನ್ನು ಅರ್ಧ ಅಡಿಯ ಮಣೆಯ ಮೇಲಿಟ್ಟು, ಬೆನ್ನನ್ನು ನೇರ ಮಾಡಿ, ಎಡಗೈಯ ಹೆಬ್ಬೆರಳನ್ನು ಕತ್ತಿನ ಹಿಂದೆ ಕಾಣದಂತೆ ಇರಿಸಿ ಕುಳಿತುಕೊಳ್ಳುವುದನ್ನು ಕಲಿಯುವುದಕ್ಕೇ ಒಂದು ತಿಂಗಳು ಹಿಡಿಯಿತು. ಆರು ತಂತಿಗಳು, ಅತಿ ಮಂದ್ರದ್ದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಅತಿ ತಾರದ್ದು ಸುಮಾರು 330 ಸಲ, ಎರಡರ ನಡುವೆ ಸರಿಯಾಗಿ ಎರಡು ಸ್ಥಾಯಿ. ಈ ಆರನ್ನೂ ಬಿರಡೆ ತಿರುಗಿಸಿ ಶ್ರುತಿ ಮಾಡುವುದಕ್ಕೆ ಮತ್ತೆ ಎರಡು ತಿಂಗಳು. ಹಿಂದೆ ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದ ಮೂರು ತೆಳು ತಂತಿಗಳನ್ನು, 1940ರ ದಶಕದಿಂದ ಈಚೆಗೆ ನೈಲಾನಿನಿಂದ ಮಾಡುತ್ತಾರೆ. ಅವು ಮೃದುವೆಂದು ಜನ ಹೇಳುವುದುಂಟು. ನನ್ನ ಬೆರಳ ತುದಿಗಳು ಆ ಮಾತನ್ನು ಒಪ್ಪಲಿಲ್ಲ. ಚರ್ಮ ಕೆಂಪಾಗಿ, ಬೊಬ್ಬೆಯೆದ್ದು, ಸುಲಿದು, ಕೊನೆಗೆ ಗಟ್ಟಿಯಾಯಿತು. ತರಗತಿಯಲ್ಲಿ ಸೀಮೆಸುಣ್ಣ ಹಿಡಿಯುವ ಕೈ ಬಲಗೈಯಾದ್ದರಿಂದ ಈ ವಿಷಯ ನನ್ನ ಶಿಷ್ಯರಿಗೆ ಗೊತ್ತಾಗಲಿಲ್ಲ.

ಗುರುಗಳಾದರೋ ಸ್ವತಃ ನುಡಿಸಿ ತೋರಿಸುವ ಸ್ಥಿತಿಯಲ್ಲಿರಲಿಲ್ಲ. ಅವರ ಎಡಗೈಯ ಎರಡು ಬೆರಳುಗಳು ವಾತದಿಂದ ಬಿಗಿದುಕೊಂಡಿದ್ದವು. ಯೌವನದಲ್ಲಿ ಸೆಗೋವಿಯಾನ ಗ್ರಾಮಫೋನು ತಟ್ಟೆಯೊಂದನ್ನು ಕೇಳಿ ಮರುಳಾಗಿ, ಅಂಚೆಯಲ್ಲಿ ಪುಸ್ತಕಗಳನ್ನು ತರಿಸಿ, ಕಾರ್ಖಾನೆಯ ಪಾಳಿ ಮುಗಿದ ಮೇಲೆ ರಾತ್ರಿಗಳಲ್ಲಿ ತಾವೇ ಕಲಿತವರು. 40 ವರ್ಷ ನುಡಿಸಿ, ಕೈ ಸೋತಾಗ ಪಾಠ ಹೇಳಲು ತೊಡಗಿದರು. ಸ್ವರವನ್ನು ಬಾಯಲ್ಲಿ ಹಾಡಿ, ನನ್ನ ಬೆರಳನ್ನು ತಮ್ಮ ಸೊಟ್ಟ ಬೆರಳಿನಿಂದ ಮೆಲ್ಲನೆ ಸರಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ನುಡಿಸಿದ ಅಪಸ್ವರಗಳನ್ನು ಅವರು ಕೇಳುತ್ತಿದ್ದ ರೀತಿಯನ್ನು ನೋಡಿದವರು, ಯಾವನೋ ದೊಡ್ಡ ವಿದ್ವಾಂಸನು ನುಡಿಸುತ್ತಿದ್ದಾನೆಂದೇ ತಿಳಿಯಬೇಕು.

ಒಮ್ಮೆ ನಾನು, ನನ್ನದು ಮಗನಿಗಾಗಿ ಕೊಂಡ ಅಗ್ಗದ ವಾದ್ಯ, ಇದರಲ್ಲಿ ನಾದ ಬರುವುದು ಹೇಗೆಂದು ಗೊಣಗಿದೆನು. ಅದಕ್ಕೆ ಅವರು ಟಾರೆಸನ ಕಥೆಯೊಂದನ್ನು ಹೇಳಿದರು. ಗಿಟಾರಿನ ಜೀವವೆಲ್ಲ ಅದರ ಮೇಲ್ಹಲಗೆಯಲ್ಲಿದೆ, ಪಕ್ಕದ ಮತ್ತು ಹಿಂದಿನ ಮರದಲ್ಲಿಲ್ಲ ಎಂದು ಟಾರೆಸನ ನಂಬಿಕೆ. ಅದನ್ನು ತೋರಿಸಿಕೊಡುವುದಕ್ಕಾಗಿ 1862ರಲ್ಲಿ ಅವನು ಪಕ್ಕ ಮತ್ತು ಬೆನ್ನನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿ ಒಂದು ಗಿಟಾರನ್ನು ಕಟ್ಟಿದನು. ಅದು ಈಗ ಬಾರ್ಸಿಲೋನಾದ ವಸ್ತುಸಂಗ್ರಹಾಲಯದಲ್ಲಿದೆ. "ರಟ್ಟಿನ ಡಬ್ಬ ಹಾಡಿತು ಮೇಷ್ಟ್ರೇ. ಎಲ್ಲಿ ತಟ್ಟಬೇಕು ಅನ್ನೋದು ಕಟ್ಟಿದವನಿಗೆ ಗೊತ್ತಿರಬೇಕು, ಅಷ್ಟೆ" ಎಂದರು.

ಈಗ ನಾನು ಹೇಳಲು ಹಿಂಜರಿಯುತ್ತಿದ್ದ ಸಂಗತಿಗೆ ಬರಬೇಕು.

ಅದೇ 1995ರ ನವೆಂಬರಿನಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ದಿನಸಿ ಅಂಗಡಿಯವರ ಮಗ. ಬೀಜಗಣಿತ ಅವನಿಗೆ ಹತ್ತುತ್ತಿರಲಿಲ್ಲ. ಕಪ್ಪುಹಲಗೆಯ ಮುಂದೆ ನಿಲ್ಲಿಸಿದರೆ ಸೀಮೆಸುಣ್ಣವನ್ನು ಹಿಡಿದು ಕಲ್ಲಾಗಿ ನಿಲ್ಲುತ್ತಿದ್ದನು. ಒಂದು ದಿನ, ಒಂದೇ ಲೆಕ್ಕವನ್ನು ನಾಲ್ಕನೆಯ ಸಲ ತಪ್ಪಿದಾಗ, 45 ಮಕ್ಕಳ ಎದುರಿಗೆ ನಾನು ಅವನಿಗೆ, "ನಿನ್ನ ತಲೆಗೆ ಇದೆಲ್ಲ ಯಾಕಪ್ಪ? ಹೋಗಿ ಅಪ್ಪನ ಅಂಗಡಿಯಲ್ಲಿ ತಕ್ಕಡಿ ಹಿಡಿದುಕೊ" ಎಂದೆನು. ತರಗತಿ ನಕ್ಕಿತು. ನಗಿಸಿದೆನೆಂದು ನನಗೆ ಹೆಮ್ಮೆಯೂ ಆಯಿತು. ಹುಡುಗನು ಅಳಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ತನ್ನ ಸ್ಥಳಕ್ಕೆ ಹೋಗಿ ಕುಳಿತನು. ಸಂಕ್ರಾಂತಿಯ ರಜೆ ಮುಗಿದು ಶಾಲೆ ತೆರೆದಾಗ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಲವು ದಿನ ಗೈರುಹಾಜರಿಯ ಗುರುತನ್ನು ಹಾಕಿ, ಆಮೇಲೆ ಕೆಂಪು ಗೆರೆ ಎಳೆದೆನು.

ವಾಚಕರು ಕಾಲವನ್ನು ಗಮನಿಸಬೇಕು. ಗಿಟಾರು ಕಲಿಯಲು ತೊಡಗಿ ಆಗಲೇ ಐದು ತಿಂಗಳಾಗಿದ್ದಿತು. ಮೂರನೆಯ ಮೆಟ್ಟಿನ ಹಿಂದೆ ಒಂದು ಬೆರಳನ್ನು ಸರಿಯಾಗಿ ಇಡುವುದಕ್ಕೆ ನಾಲ್ಕು ಸಲವಲ್ಲ, ನಾನೂರು ಸಲ ತಪ್ಪಿದವನು ನಾನು. ಬೆಳಗ್ಗೆ ಶಿಷ್ಯನನ್ನು ಹಳಿದು, ಸಂಜೆ ಗುರುವಿನ ತಾಳ್ಮೆಯನ್ನು ಉಂಡು ಮನೆಗೆ ಬರುತ್ತಿದ್ದೆನು. ಎರಡಕ್ಕೂ ಸಂಬಂಧವುಂಟೆಂದು ನನಗೆ ಹೊಳೆಯಲಿಲ್ಲ. ಮನುಷ್ಯನು ತನ್ನ ಮನಸ್ಸಿನಲ್ಲಿ ಎಷ್ಟು ಕೋಣೆಗಳನ್ನು ಕಟ್ಟಿಕೊಂಡು ಎಷ್ಟು ಬಾಗಿಲುಗಳಿಗೆ ಬೀಗ ಹಾಕಿಕೊಳ್ಳಬಲ್ಲನೆಂಬುದು ಆಶ್ಚರ್ಯದ ವಿಷಯ.

ಬಾಗಿಲು ತೆರೆದದ್ದು 1996ರ ಜುಲೈ ತಿಂಗಳಿನಲ್ಲಿ. ಒಂದು ಶುಕ್ರವಾರ ಹೊರಗೆ ಮಳೆ ಸುರಿಯುತ್ತಿದ್ದಿತು. ಗುರುಗಳು ಒಳಗೆ ಕಾಫಿ ಮಾಡುತ್ತಿದ್ದರು. "ಮೇಷ್ಟ್ರೇ, ಮೇಜಿನ ಮೇಲೆ ನನ್ನ ಕನ್ನಡಕ ಇದೆಯೇ ನೋಡಿ" ಎಂದರು. ಕನ್ನಡಕವು ತೆರೆದಿದ್ದ ಒಂದು ನೋಟುಪುಸ್ತಕದ ಮೇಲೆ ಇದ್ದಿತು. ಅದನ್ನು ಎತ್ತಿಕೊಳ್ಳುವಾಗ ನನ್ನ ಹೆಸರು ಕಣ್ಣಿಗೆ ಬಿತ್ತು. ಪರರ ಬರಹವನ್ನು ಓದಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು, ಓದಿದೆನು. ಪ್ರತಿಯೊಬ್ಬ ಶಿಷ್ಯನಿಗೂ ಕೆಲವು ಹಾಳೆಗಳನ್ನು ಮೀಸಲಿಟ್ಟು, ಪ್ರತಿ ಪಾಠವಾದ ಮೇಲೆಯೂ ಪೆನ್ಸಿಲಿನಿಂದ ಎರಡು ಮೂರು ಸಾಲು ಬರೆದಿದ್ದರು. ನನ್ನ ಹಾಳೆಯಲ್ಲಿದ್ದುದು ಹೀಗೆ:

"ಜುಲೈ 5. ಮೇಷ್ಟ್ರು ಕಿರುಬೆರಳನ್ನು ಇಡಲು ಹೆದರುತ್ತಾರೆ. ನಾನು ಎರಡು ಸಲ ತಪ್ಪೆಂದೆ. ಒಂದು ಸಲ ಸಾಕಾಗಿತ್ತು."

"ಜುಲೈ 12. ಶಾಲೆಯಿಂದ ದಣಿದು ಬಂದಿದ್ದರು. ಇಂದು ಹೊಸ ಪಾಠ ಹೇಳಬಾರದಾಗಿತ್ತು. ನನ್ನ ತಪ್ಪು."

"ಜುಲೈ 19. ಒಂದು ಸ್ವರ ಬಹಳ ಚೆನ್ನಾಗಿ ನುಡಿಯಿತು. ಅವರು ಗಮನಿಸಲಿಲ್ಲ. ಮುಂದಿನ ವಾರ ಅದನ್ನು ಅವರಿಗೆ ತೋರಿಸಬೇಕು."

ಹಿಂದಿನ ಹಾಳೆಗಳನ್ನು ತಿರುವಿದೆನು. ಎಲ್ಲಿಯೂ ನನ್ನ ದಡ್ಡತನದ ಮಾತಿಲ್ಲ. ತಪ್ಪುಗಳ ಪಟ್ಟಿಯೇನೋ ಇದ್ದಿತು. ಆದರೆ ಆ ತಪ್ಪುಗಳೆಲ್ಲ ಅವರವು. ಒಂದು ವರ್ಷದಿಂದ ನಾನು ಆ ಮನುಷ್ಯನ ಕಿವಿಯನ್ನು ಹಿಂಸಿಸುತ್ತಿದ್ದರೆ, ಅವರು ಅದಕ್ಕೆ ತಮ್ಮನ್ನೇ ಹೊಣೆ ಮಾಡಿಕೊಂಡು, ಮುಂದಿನ ಶುಕ್ರವಾರಕ್ಕೆ ತಾವು ಸಿದ್ಧರಾಗುತ್ತಿದ್ದರು.

ನಾನೂ ಪುಸ್ತಕಗಳನ್ನು ಇಟ್ಟಿದ್ದವನೇ. 18 ವರ್ಷದ ಅಂಕಪುಸ್ತಕಗಳು. ಅವುಗಳಲ್ಲಿ ಮಕ್ಕಳ ತಪ್ಪುಗಳು ಕೆಂಪು ಶಾಯಿಯಲ್ಲಿ ಲೆಕ್ಕವಿಲ್ಲದಷ್ಟಿದ್ದವು. ನನ್ನ ತಪ್ಪು ಒಂದೂ ಇರಲಿಲ್ಲ. ಆ ದಿನ ನನ್ನ ಬೆರಳು ಯಾವ ಮೆಟ್ಟಿನ ಹಿಂದೆಯೂ ನಿಲ್ಲಲಿಲ್ಲ. ಗುರುಗಳು, "ಇವತ್ತು ಸಾಕು, ಮಳೆ ನೋಡೋಣ" ಎಂದರು. ಇಬ್ಬರೂ ಕಾಫಿ ಕುಡಿಯುತ್ತ ಮಳೆಯನ್ನು ನೋಡಿದೆವು. ಆ ರಾತ್ರಿ ಅವರು ನನ್ನ ಹಾಳೆಯಲ್ಲಿ ಏನು ಬರೆದರೋ ತಿಳಿಯದು.

ಮರುದಿನ ಸಂಜೆ ಆ ದಿನಸಿ ಅಂಗಡಿಗೆ ಹೋದೆನು. ಹುಡುಗನು ತಕ್ಕಡಿಯನ್ನು ಹಿಡಿದಿದ್ದನು. ನನ್ನ ಮುಂದೆ ನಿಂತಿದ್ದ ಹೆಂಗಸು ಮುಕ್ಕಾಲು ಕಿಲೋ ಬೇಳೆ, ಕಾಲು ಕಿಲೋ ಬೆಲ್ಲ, ನೂರು ಗ್ರಾಂ ಮೆಣಸಿನಕಾಯಿ ಎನ್ನುತ್ತ ಏಳೆಂಟು ಪದಾರ್ಥಗಳನ್ನು ಕೇಳಿದಳು. ಅವನು ಕಾಗದವನ್ನು ಮುಟ್ಟದೆ, ಕೊನೆಯ ಪೊಟ್ಟಣವನ್ನು ಕಟ್ಟುವಷ್ಟರಲ್ಲಿ ಮೊತ್ತವನ್ನು ಹೇಳಿದನು. ನಾನು ಮನಸ್ಸಿನಲ್ಲಿಯೇ ಕೂಡಿಸಿ ನೋಡಿದೆನು. ಅವನು ಮುಗಿಸಿ ಚಿಲ್ಲರೆಯನ್ನು ಎಣಿಸಿಕೊಟ್ಟ ಮೇಲೆ ನನಗೆ ಉತ್ತರ ಬಂದಿತು. ಉತ್ತರ ಒಂದೇ ಆಗಿದ್ದಿತು. ರಟ್ಟಿನ ಡಬ್ಬವೆಂದು ನಾನು ಎಸೆದದ್ದರ ಮೇಲ್ಹಲಗೆಯನ್ನು ನಾನು ಒಮ್ಮೆಯೂ ತಟ್ಟಿ ನೋಡಿರಲಿಲ್ಲ.

"ಏನು ಬೇಕಿತ್ತು ಸಾರ್?" ಎಂದನು. ಅವನ ದನಿಯಲ್ಲಿ ಕೋಪವಿರಲಿಲ್ಲ. ಅದು ಗಿರಾಕಿಯನ್ನು ಕೇಳುವ ದನಿ. ನಾನು ಬಂದ ವಿಷಯವನ್ನು ಹೇಳಿದೆನು. ಅಂದು ನಾನಾಡಿದ ಮಾತು ತಪ್ಪೆಂದೆನು. ಶಾಲೆಗೆ ಮತ್ತೆ ಸೇರಿದರೆ, ಸಂಜೆಯ ಹೊತ್ತು ನಾನೇ ಅಂಗಡಿಗೆ ಬಂದು ಪಾಠ ಹೇಳುವೆನೆಂದೆನು. ಅವನು ಸ್ವಲ್ಪ ಹೊತ್ತು ತಕ್ಕಡಿಯ ಬಟ್ಟಲನ್ನು ಒರೆಸುತ್ತ ನಿಂತು, "ಬೇಡಿ ಸಾರ್. ಅಪ್ಪನಿಗೆ ಮೈ ಸರಿಯಿಲ್ಲ. ಅಂಗಡಿ ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ" ಎಂದನು. ನಾನು ಮತ್ತೆ ಎರಡು ಸಲ ಹೋದೆನು. ಅವನ ಉತ್ತರ ಬದಲಾಗಲಿಲ್ಲ. ನಾನು ಕೊಂಡ ಸಕ್ಕರೆಗೆ ಸರಿಯಾದ ಬೆಲೆಯನ್ನು ತೆಗೆದುಕೊಂಡನು; ಒಂದು ಪೈಸೆಯನ್ನೂ ಬಿಡಲಿಲ್ಲ, ಒಂದು ಪೈಸೆಯನ್ನೂ ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ. ಕ್ಷಮೆಯನ್ನು ಕೇಳುವುದು ನಮ್ಮ ಕೈಯಲ್ಲಿದೆ. ಹೋದ ವರ್ಷವನ್ನು ಹಿಂದಕ್ಕೆ ತರುವುದು ಯಾರ ಕೈಯಲ್ಲಿಯೂ ಇಲ್ಲ.

ಅಂಗಡಿಗೆ ಮೂರನೆಯ ಸಲ ಹೋಗಿ ಬಂದ ದಿನವೇ ನಾನು ಒಂದು ನೋಟುಪುಸ್ತಕವನ್ನು ಕೊಂಡೆನು. ಮೊದಲನೆಯ ಹಾಳೆಯ ಮೇಲೆ ಆ ಹುಡುಗನ ಹೆಸರನ್ನು ಬರೆದೆನು. ಅದರ ಕೆಳಗೆ ಬರೆಯಲು ನನಗೆ ಹಕ್ಕಿರಲಿಲ್ಲ, ಅದು ಖಾಲಿಯಾಗಿಯೇ ಉಳಿಯಿತು. ಎರಡನೆಯ ಹಾಳೆಯಿಂದ ತರಗತಿಯ ಮಕ್ಕಳ ಹೆಸರುಗಳು. ಆ ಪುಸ್ತಕದಲ್ಲಿ ಅವರ ತಪ್ಪುಗಳನ್ನು ಬರೆಯುವುದಿಲ್ಲವೆಂದು ನಿಯಮ ಮಾಡಿಕೊಂಡೆನು. ನಿಯಮವನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಮೊದಲ ತಿಂಗಳು ನನ್ನ ತಪ್ಪು ಒಂದಾದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಬೀಳತೊಡಗಿದುವು, ಬಿದ್ದ ಮೇಲೆ ನಿಲ್ಲಲಿಲ್ಲ. 2013ರಲ್ಲಿ ನಿವೃತ್ತನಾಗುವ ಹೊತ್ತಿಗೆ ಅಂತಹ 22 ಪುಸ್ತಕಗಳಾಗಿದ್ದವು. ನನ್ನ ಶಿಷ್ಯರೆಲ್ಲ ಗಣಿತದಲ್ಲಿ ಮುಂದೆ ಬಂದರೆಂದು ನಾನು ಹೇಳಲಾರೆ. ಆದರೆ ಕಪ್ಪುಹಲಗೆಯ ಮುಂದೆ ಕಲ್ಲಾಗಿ ನಿಲ್ಲುವ ಮಕ್ಕಳು ಕಡಮೆಯಾದರು. ನಿಂತವರ ಪಕ್ಕದಲ್ಲಿ ನಾನೂ ಹೋಗಿ ನಿಲ್ಲುವುದನ್ನು ಕಲಿತೆನು.

ಗುರುಗಳ ಬಳಿ ನಾನು ಒಟ್ಟು ಎಂಟು ವರ್ಷ ಪಾಠ ಹೇಳಿಸಿಕೊಂಡೆನು. ಕೊನೆಯಲ್ಲಿ ಅವರು ಹೇಳಿಕೊಟ್ಟದ್ದು ಟಾರ್ರೆಗಾನ ‘ಲಾಗ್ರಿಮಾ’ ಎಂಬ ಪುಟ್ಟ ಕೃತಿ. ಆ ಮಾತಿಗೆ ಕಣ್ಣೀರ ಹನಿಯೆಂದು ಅರ್ಥ. ಎರಡೇ ಭಾಗ, ಒಂದೊಂದರಲ್ಲಿ ಎಂಟೆಂಟು ಆವರ್ತ. ಮೊದಲನೆಯ ಭಾಗವು ನಮ್ಮ ಶಂಕರಾಭರಣದ ಸ್ವರಗಳನ್ನು ನೆನಪಿಗೆ ತರುವಂತಹದು, ತಿಳಿಯಾದುದು. ಎರಡನೆಯದು ಕೀರವಾಣಿಯ ಛಾಯೆಯದು, ಅಲ್ಲಿ ದುಃಖವಿದೆ. ಆಮೇಲೆ ಮತ್ತೆ ಮೊದಲನೆಯ ಭಾಗಕ್ಕೆ ಬಂದು ಮುಗಿಸಬೇಕು. "ಸ್ವರ ಅವೇ ಮೇಷ್ಟ್ರೇ. ಆದರೆ ಎರಡನೆಯ ಸಲ ಅದನ್ನು ನುಡಿಸುವವನು ಬೇರೆ. ಮಧ್ಯದ್ದನ್ನು ದಾಟಿ ಬಂದಿದ್ದಾನೆ" ಎಂದು ಅವರು ಹೇಳುತ್ತಿದ್ದರು. ಹಾಳೆಯ ಮೇಲೆ ಅದು ಸುಲಭವಾಗಿ ಕಾಣುತ್ತದೆ. ನನಗೆ ಅದನ್ನು ತಪ್ಪಿಲ್ಲದೆ ನುಡಿಸಲು 14 ತಿಂಗಳು ಬೇಕಾಯಿತು.

2003ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಹತ್ತು ದಿನ ಮುಂಚೆ ಮಂಚದ ಪಕ್ಕದಲ್ಲಿ ಕುಳಿತು ನಾನು ‘ಲಾಗ್ರಿಮಾ’ವನ್ನು ನುಡಿಸಿದೆನು. ಎರಡನೆಯ ಭಾಗದಲ್ಲಿ ಒಂದು ಸ್ವರ ತಪ್ಪಿತು. ನಾನು ನಿಲ್ಲಿಸಿದೆನು. ಅವರು ಕಣ್ಣು ತೆರೆಯದೆ, ಮುಂದೆ ಹೋಗೆಂದು ಸೊಟ್ಟ ಬೆರಳಿನಿಂದ ಸನ್ನೆ ಮಾಡಿದರು. ಹೋದೆನು, ಮುಗಿಸಿದೆನು. ಅವರ ಮನೆಯವರು ಆಮೇಲೆ ಆ ಪೆನ್ಸಿಲಿನ ಪುಸ್ತಕವನ್ನು ನನಗೆ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಅದರಲ್ಲಿ ಬೇರೆ ಶಿಷ್ಯರ ಹಾಳೆಗಳೂ ಇದ್ದುವು; ಒಂದು ಸಲ ಅನ್ಯರ ಬರಹವನ್ನು ಓದಿದ್ದು ನನಗೆ ಸಾಕಾಗಿದ್ದಿತು.

ಮೊದಲ ದಿನ ಮೇಜಿನ ಮೇಲೆ ಬಿಟ್ಟು ಬಂದ ನೂರು ರೂಪಾಯಿಯ ಲೆಕ್ಕವನ್ನು ನಾನು ಆಗಾಗ ಹಾಕುವುದುಂಟು. ಕೊಟ್ಟದ್ದು ಇಷ್ಟು, ಪಡೆದದ್ದು ಇಷ್ಟು ಎಂದು ಎಷ್ಟು ಸಲ ಕೂಡಿಸಿ ಕಳೆದರೂ ಕೆಳಗಿನ ಸಾಲಿನಲ್ಲಿ ಋಣವೇ ಉಳಿಯುತ್ತದೆ. ಈಗಲೂ ಶುಕ್ರವಾರ ಸಂಜೆ ಮಣೆಯನ್ನು ಎಳೆದುಕೊಂಡು ಎಡಗಾಲನ್ನು ಇಟ್ಟು ಕುಳಿತುಕೊಳ್ಳುತ್ತೇನೆ. ಬೆರಳುಗಳು ನನಗೂ ಬಿಗಿಯತೊಡಗಿವೆ. ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದು, "ತಾತ, ನನಗೂ ಹೇಳಿಕೊಡಿ" ಎನ್ನುತ್ತಾಳೆ. ಮೂರನೆಯ ಮೆಟ್ಟಿನ ಹಿಂದೆ ಬೆರಳಿಡಲು ಹೇಳುತ್ತೇನೆ. ಡಬ್ಬದೊಳಗಿನ ಜೀರುಂಡೆಯಂತೆ ಸದ್ದು ಬರುತ್ತದೆ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಅವಳು ಹೋದ ಮೇಲೆ ಪೆನ್ಸಿಲನ್ನು ಹುಡುಕುತ್ತೇನೆ.